ಮೊದಲ ನೀರು

"ಯಾರದು ನನ್ನ ನೀರಲ್ಲಿ?"

ಹೊಲದಿಂದ ಬಂದ ತೊಕುಜೊ ಬಚ್ಚಲಿನ ಬಾಗಿಲು ಸರಿಸಿ ಕೂಗಿದ. ತೊಟ್ಟಿಯ ಬಿಸಿನೀರಿನಲ್ಲಿ ಆರು ವರ್ಷದ ಮೊಮ್ಮಗಳು ಕೊಹಾರು ಕತ್ತಿನವರೆಗೆ ಮುಳುಗಿ ಕುಳಿತಿದ್ದಳು. ತೊಟ್ಟಿಯ ಪಕ್ಕದಲ್ಲಿ ಸೊಸೆ ಚಿಜುರು ನಿಂತಿದ್ದಳು.

"ಇವತ್ತಿಂದ ಕೊಹಾರುದೇ ಮೊದ್ಲು, ಮಾವ. ಡಾಕ್ಟ್ರು ಹೇಳಿದ್ದಾರೆ."

ಆ ಮನೆಯಲ್ಲಿ ಸಂಜೆಗೊಮ್ಮೆ ತೊಟ್ಟಿ ತುಂಬಿದರೆ ಮುಗಿಯಿತು. ಎಲ್ಲರೂ ಹೊರಗೆ ಮೈ ತೊಳೆದುಕೊಂಡು ಅದೇ ನೀರಿಗೆ ಇಳಿಯಬೇಕು. ಮೊದಲು ಯಜಮಾನ, ಆಮೇಲೆ ಮಗ, ಆಮೇಲೆ ಅತ್ತೆ. ಎಲ್ಲರದೂ ಆದ ಮೇಲೆ ಸೊಸೆ, ಅವಳ ಜೊತೆಗೆ ಮಗು. ಅದೆಂಥ ನ್ಯಾಯವೋ! ಮಗುವೋ, ಅರ್ಧ ಚಳಿಗಾಲವನ್ನು ಆಸ್ಪತ್ರೆಯಲ್ಲೇ ಕಳೆದಿತ್ತು. ಮೂಗು, ಬಾಯಿ, ಕರುಳಿನ ಹೊಸ್ತಿಲಲ್ಲೇ ರೋಗವನ್ನು ತಡೆಯುವ ಕಾವಲು ಇವಳಿಗೆ ಹುಟ್ಟಿನಿಂದಲೇ ಇಲ್ಲ, ಬೇರೆಯವರಿಗೆ ಬರೀ ನೆಗಡಿಯಾಗುವುದು ಇವಳ ಪ್ರಾಣಕ್ಕೇ ಬರುತ್ತದೆ, ಎಲ್ಲರೂ ಮಿಂದ ನೀರು ಬೇಡವೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ರೋಗದ ಕೂಸು ಕೂತೆದ್ದ ನೀರಲ್ಲಿ ನಾನು ಕೂರ್ಬೇಕಾ?"

"ಅವಳದ್ದು ಅಂಟೋ ಕಾಯಿಲೆ ಅಲ್ಲ ಮಾವ. ವಾರದಿಂದ ನೀವು ಕೆಮ್ತಿದ್ದೀರಲ್ಲ, ಅದು ಅಂಟತ್ತೆ."

"ಓಹೋ! ನನ್ನ ಮನೇಲಿ ನಾನೇ ಮಾರಿಯಾದ್ನಾ? ಎತ್ತು ಅವಳನ್ನ!"

ಚಿಜುರು ಅಲುಗಲಿಲ್ಲ. ಮುದುಕ ತಾನೇ ಒಳಗೆ ನುಗ್ಗಿ, ಮಗುವಿನ ತೋಳು ಹಿಡಿದೆಳೆದು ಹೊರಗೆ ನಿಲ್ಲಿಸಿದ. ಒದ್ದೆ ಮೈಯಲ್ಲಿ ಅದು ಗಡಗಡ ನಡುಗತೊಡಗಿತು.

ಗಲಾಟೆ ಕೇಳಿ ಅಡುಗೆಮನೆಯಿಂದ ಅತ್ತೆ ಫುಸಾಯೆ ಓಡಿಬಂದಳು. ಬಂತಲ್ಲ ಇನ್ನೊಂದು ಬಾಯಿ ಎಂದುಕೊಂಡಳು ಚಿಜುರು. ಗಂಡನ ಮಾತಿಗೆ 'ಹೂಂ' ಬಿಟ್ಟು ಬೇರೆ ಉತ್ತರ ಕೊಟ್ಟವಳೇ ಅಲ್ಲ ಆಕೆ.

"ಬಾ, ನಿನ್ನ ಸೊಸೆಗೊಂದಿಷ್ಟು ಬುದ್ಧಿ ಹೇಳು! ನಿನ್ನ ಕಾಲದಲ್ಲಿ ನೀನೂ ಕೂಸು ಎತ್ಕೊಂಡು ಕೊನೇ ನೀರಲ್ಲೇ ಮಿಂದ್ಯಲ್ಲ, ಸತ್ತೋದ್ಯಾ?"

ಫುಸಾಯೆ ಮೊದಲು ಮೊಮ್ಮಗಳನ್ನು ಎತ್ತಿ ಮತ್ತೆ ಬೆಚ್ಚನೆಯ ನೀರಿಗಿಳಿಸಿದಳು. ಆಮೇಲೆ ಗಂಡನ ಎದೆಗೆ ಕೈಯಿಟ್ಟು ಅವನನ್ನು ಹೊಸ್ತಿಲಾಚೆ ತಳ್ಳಿದಳು.

"ನಾನು ಸಾಯ್ಲಿಲ್ಲ ರೀ. ಆ ಕೂಸು ಸತ್ತೋಯ್ತು, ನಮ್ಮ ಚೊಚ್ಚಲ ಮಗಳು. ಒಂದಿಷ್ಟು ಕೆಮ್ಮಿದ್ಲು ಅಂತ, ನಿನ್ನ ಹಾಲೇ ಕೆಟ್ಟದ್ದು ಅಂದ್ರಿ ನೀವೂ ನಿಮ್ಮಮ್ಮನೂ. ಬಿಡಿಸಿಬಿಟ್ರಿ. ಇಷ್ಟು ವರ್ಷ ನಾನೂ ಅದನ್ನೇ ನಂಬ್ಕೊಂಡು ತಲೆ ತಗ್ಗಿಸಿ ಓಡಾಡ್ದೆ." ಆಕೆ ಮೊಮ್ಮಗಳತ್ತ ಕೈ ತೋರಿದಳು. "ನಿನ್ನೆ ಆಸ್ಪತ್ರೇಲಿ ಇವಳ ಡಾಕ್ಟ್ರನ್ನ ಕೇಳ್ದೆ. ಇವಳಿಗಿಲ್ಲದ ಆ ಕಾವಲು ಎದೆಹಾಲಲ್ಲಿ ಇರತ್ತಂತೆ. ಈ ಮನೇಲಿ ಆ ಮಗೂನ ಕಾಯ್ತಿದ್ದಿದ್ದು ನನ್ನ ಹಾಲೊಂದೇ ಅಂತೆ."