ಮೊರದ ಬೆಳಕು

ಗೌರಿ ಹಬ್ಬಕ್ಕೆ ಇನ್ನು ಮೂರೇ ದಿನ... ಪೇಟೆಬೀದಿಯಲ್ಲಿ ಬೆಳಗಿನಿಂದಲೇ ಮೊರದ ವ್ಯಾಪಾರ ಬಿರುಸು.

ತನ್ನ ಫೋಟೊ ಸ್ಟುಡಿಯೋ ಬಾಗಿಲು ಗುಡಿಸುತ್ತಿದ್ದ ಶಶಿರೇಖಾಳ ಎದುರು, ಮೊರ ಹೆಣೆದು ಮಾರುವ ಹೊಂಬಾಳಜ್ಜಿ ಬಂದು ನಿಂತಳು. ಕೈಯಲ್ಲಿ ವಾಪಸ್ ಬಂದ ಫೋಟೊ!

"ನೋಡವ್ವ, ಮೇಳದ ಆಫೀಸ್ನೋರು 'ಇದು ನೀನಲ್ಲ ಕಣಜ್ಜಿ' ಅಂದ್ಬುಟ್ರು. ಸಂಜೆ ಒಳ್ಗೆ ಬೇರೆ ಫೋಟೊ ಕೊಡ್ದಿದ್ರೆ ನನ್ನ ಮಳಿಗೆ ಬೇರೆಯೋರ್ಗಂತೆ!"

ಅರವತ್ತು ವರ್ಷ ಬೀದಿ ಬಿಸಿಲಲ್ಲಿ ಕೂತು ಮಾರಿದವಳಿಗೆ, ಕರಕುಶಲ ಮೇಳದಲ್ಲಿ ಮೊದಲ ಸಲ ನೆರಳಿನ ಜಾಗ ಸಿಕ್ಕಿತ್ತು...

ಶಶಿರೇಖಾಗೆ ನಾಚಿಕೆಯಾಯಿತು. ಪ್ರೀತಿಯಿಂದಲೇ ಕಂಪ್ಯೂಟರಿನಲ್ಲಿ ಅಜ್ಜಿಯ ಮುಖ ಬೆಳ್ಳಗೆ ಮಾಡಿ, ಸುಕ್ಕೆಲ್ಲ ಅಳಿಸಿದ್ದಳು. ಬರುವವರೆಲ್ಲ ಕೇಳುವುದು ಅದನ್ನೇ ತಾನೆ?

"ಸುಣ್ಣ ಬಳ್ದಿರೋ ಗೋಡೆ ಮಾಡಿದ್ದೀಯಲ್ಲೇ ನನ್ನ!" ಎಂದು ಅಜ್ಜಿ ನಕ್ಕಳು.

ಶಶಿರೇಖಾ ಅಜ್ಜಿಯನ್ನು ಮತ್ತೆ ಕೂರಿಸಿ ಲೈಟು ಹಾಕಿದಳು. ಹಣೆ ಮಿರಮಿರ, ಕಣ್ಣಿನ ಗುಳಿ ಕಗ್ಗತ್ತಲು. ಎಷ್ಟು ಸಲ ತೆಗೆದರೂ ಅಷ್ಟೇ...

"ತಡಿ, ಗಿರಾಕಿ ಬಂದ್ರು" ಎಂದು ಅಜ್ಜಿ ಹೊರಗೆ ಓಡಿದಳು.

ಹಿಂದೆಯೇ ಬಂದ ಶಶಿರೇಖಾ ಬಾಗಿಲಲ್ಲೇ ನಿಂತಳು... ಹೊಸ ಮೊರಗಳ ರಾಶಿಗೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ, ಬಗ್ಗಿದ್ದ ಅಜ್ಜಿಯ ಕಣ್ಣು, ಕೆನ್ನೆ, ಒಂದೊಂದು ಸುಕ್ಕನ್ನೂ ಬೆಳಗುತ್ತಿತ್ತು. ಅವಳ ಎಣ್ಣೆಗಪ್ಪು ಬಣ್ಣ ಎಣ್ಣೆಗಪ್ಪಾಗಿಯೇ ಹೊಳೆಯುತ್ತಿತ್ತು!

"ಅಜ್ಜೀ, ಒಂದು ಮೊರ ಎತ್ಕೊಂಡು ಬಾ ಒಳಗೆ!"

ಬೆಳಕು ಮೆತ್ತಗಾಗಲೆಂದು ಶಶಿರೇಖಾ ಲೈಟಿನ ಮುಂದೆ ತನ್ನ ಅಪ್ಪನ ಬಿಳಿ ಪಂಚೆ ಇಳಿಬಿಟ್ಟಳು. ಅಜ್ಜಿಯ ತೊಡೆಯ ಮೇಲೆ ಮೊರವನ್ನು ಓರೆಯಾಗಿ ಇಟ್ಟಳು.

"ಏನೇ, ಅಕ್ಕಿ ಕೇರ್ಲಾ?"

"ಬೆಳಕು ಕೇರಜ್ಜಿ!"

ಅಜ್ಜಿ ಬಾಯಿತುಂಬ ನಕ್ಕಳು... ಕ್ಲಿಕ್!

ಪರದೆಯ ಮೇಲೆ ಫೋಟೊ ನೋಡಿದವಳೇ ಅಜ್ಜಿ ಹತ್ತಿರಕ್ಕೆ ಬಗ್ಗಿದಳು. ಕಣ್ಣು ತುಂಬಿ ಬಂತು.

"ಚೆನ್ನಾಗಿಲ್ವಾ ಅಜ್ಜಿ?"

"ಇವ್ಳು ನಮ್ಮವ್ವ ಕಣವ್ವ... ಇದೇ ಬಣ್ಣ, ಇದೇ ಸುಕ್ಕು. ನಂಗೆ ಮೊರ ಹೆಣೆಯೋದು ಕಲ್ಸಿದೋಳು. ಅವಳ್ದು ಒಂದು ಫೋಟೊನೂ ಇರ್ಲಿಲ್ಲ... ಎರಡು ಕಾಪಿ ಕೊಡು. ಒಂದು ಆಫೀಸಿಗೆ, ಒಂದು ನಮ್ಮನೆ ಗೋಡೆಗೆ."

ಅಜ್ಜಿ ಚಾಚಿದ ದುಡ್ಡನ್ನು ಶಶಿರೇಖಾ ಮುಟ್ಟಲಿಲ್ಲ. "ತಪ್ಪು ನಂದು ಅಜ್ಜಿ. ಆದ್ರೆ ಈ ಮೊರ ಸ್ಟುಡಿಯೋಗೆ ಬೇಕು, ಬೆಲೆ ಹೇಳು."

ಅಜ್ಜಿ ಹೊರಗೆ ಹೋಗಿ ಇನ್ನೊಂದು ಮೊರ ತಂದು ಅದರ ಮೇಲೆ ಮುಚ್ಚಿದಳು.

"ಮನೆಮಗಳಿಗೆ ಒಂಟಿ ಮೊರ ಕೊಡಬಾರ್ದು, ಜೋಡಿ ಇರ್ಬೇಕು. ಬಾಗಿನಕ್ಕೆ ಯಾರಾದ್ರೂ ಬೆಲೆ ಕಟ್ತಾರೇನೇ, ದಡ್ಡಿ?"

ಬದಲಿಸಬೇಕಾದ್ದು ಮುಖದ ಬಣ್ಣವನ್ನಲ್ಲ... ಬೆಳಕು ಬೀಳುವ ದಿಕ್ಕನ್ನು.

ಒಂದು ಸುಕ್ಕನ್ನೂ ಅಳಿಸದ, ನಿಮ್ಮವ್ವ ಬಾಯಿತುಂಬ ನಗುವ ಫೋಟೊ ನಿಮ್ಮ ಹತ್ತಿರ ಇದೆಯೇ?