ನಾಲ್ಕು ಗಂಟೆಯ ಉಬ್ಬರ

ಆ ಹೆಂಗಸು ಮತ್ತೆ ಬರೆದುಕೊಂಡಳು.

ಬೆಳಿಗ್ಗೆಯಿಂದ ಇದು ಹನ್ನೊಂದನೇ ಸಲ. ಕಾರು ಓಡಿಸುತ್ತಿದ್ದವನು ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ಹಿಂದಿನ ಸೀಟಿನಲ್ಲಿ ಒಬ್ಬಳೇ. ಐವತ್ತರ ಆಸುಪಾಸು, ದಪ್ಪ ಕನ್ನಡಕ, ತೊಡೆಯ ಮೇಲೆ ನೋಟ್‌ಬುಕ್ಕು. ಎಡಗಡೆ ಕಡಲು ಬಿಸಿಲಿಗೆ ಹೊಳೆದೂ ಹೊಳೆದೂ ಸುಸ್ತಾಗಿತ್ತು. ಈಯಮ್ಮ ಅದರತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ನೋಡುತ್ತಿದ್ದದ್ದು ಅವನ ಬಾಯಿಯನ್ನು.

“ದೀಪಸ್ತಂಭಕ್ಕೆ ಎಷ್ಟು ಮೆಟ್ಟಿಲು ಅಂದ್ರಿ?”

“ಇನ್ನೂರ ಹದಿನೇಳು, ಮೇಡಂ.”

“ಆಗ ಇನ್ನೂರ ಹನ್ನೊಂದು ಅಂದ ಹಾಗಿತ್ತು?”

“ಹತ್ತೋವಾಗ ಇನ್ನೂರ ಹನ್ನೊಂದೇ. ಇಳಿಯೋವಾಗ ಕಾಲು ಸೋತು ಆರು ಜಾಸ್ತಿ ಆಗ್ತವೆ.”

ಅವಳು ನಗಲಿಲ್ಲ. ಅದನ್ನೂ ಬರೆದುಕೊಂಡಳು.

ಅವನ ಬೆನ್ನಲ್ಲಿ ಬೆವರು ಇಳಿಯಿತು. ಗೈಡ್ ಅವನಲ್ಲ, ಅವನ ಭಾವ. ಇವನದು ಊರಿನೊಳಗೆ ಎರಡು ಕುರ್ಚಿಯ ಕಟಿಂಗ್ ಶಾಪು. ಭಾವ ಮೊನ್ನೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದ. ಟೂರ್ ಆಫೀಸಿನ ಮಾಲೀಕನದು ಕಡ್ಡಿ ಮುರಿದಂಥ ಮಾತು: ಒಂದು ದಿನ ತಪ್ಪಿಸಿದರೂ ಕಾರಿನ ಕೀ ಬೇರೆಯವನ ಕೈಗೆ. ಅಕ್ಕ ನೇರ ಅಂಗಡಿಗೆ ಬಂದು, ಒಂದು ಕೆನ್ನೆ ಬೋಳಿಸಿ ಕೂತಿದ್ದ ಗಿರಾಕಿಯ ಎದುರೇ ಅತ್ತಿದ್ದಳು.

“ಭಾವನ ಟೋಪಿ ಹಾಕ್ಕೊಂಡು ಒಂದು ದಿನ ಹೋಗಿ ಬಾರೋ. ದಿನಾ ಕತ್ತರಿ ಆಡಿಸ್ತಾ ಬುರುಡೆ ಬಿಡ್ತೀಯಲ್ಲ, ಇವತ್ತು ಸ್ಟೇರಿಂಗ್ ತಿರುಗಿಸ್ತಾ ಬಿಡು.”

ಭಾವ ನಿಲ್ಲಬೇಕಾದ ಜಾಗಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಮಂಚದಿಂದಲೇ ಎಚ್ಚರಿಸಿದ್ದ. “ಆಫೀಸಿನೋರು ಆಗಾಗ ತಪಾಸಣೆಗೆ ಜನ ಕಳಿಸ್ತಾರೆ. ಟೂರಿಸ್ಟ್ ಥರಾನೇ ಬರ್ತಾರೆ. ಒಬ್ಬೊಬ್ಬರೇ. ಹುಷಾರು.”

ಒಬ್ಬಳೇ ಬಂದಿದ್ದಳಲ್ಲ.

ನೀರಿನಲ್ಲಿ ಬೆನ್ನು ತೋರಿಸುತ್ತಿದ್ದ ಕರಿ ಬಂಡೆಯ ಎದುರು ಅವನು ಕಾರು ನಿಲ್ಲಿಸಿದ. ಒಬ್ಬ ರಾಜನ ಹಡಗು ಒಂಬತ್ತು ಆನೆಗಳ ಸಮೇತ ಇಲ್ಲೇ ಮುಳುಗಿತಂತೆ. ಎಂಟು ಈಜಿ ದಡ ಸೇರಿದವಂತೆ. ಒಂಬತ್ತನೆಯದಕ್ಕೆ ನೀರು ಹಿತವಾಗಿ ಅಲ್ಲೇ ಉಳಿಯಿತಂತೆ.

“ರಾಜನ ಹೆಸರು?”

“ಹೆಸರೆತ್ತಿದರೆ ಬಲೆಗೆ ಮೀನು ಬೀಳಲ್ಲ ಅಂತ ಇಲ್ಲಿ ಯಾರೂ ಹೇಳಲ್ಲ, ಮೇಡಂ.”

“ಇಸವಿ?”

“ಸಾವಿರದ ಆರುನೂರ… ನಲವತ್ತೆರಡು.”

ಪೆನ್ನು ಓಡಿತು. ಮುಗೀತು ಭಾವನ ಕೆಲಸ ಅಂದುಕೊಂಡ ಬಾಮೈದ. ಅಷ್ಟರಲ್ಲಿ ಅಕ್ಕನ ಫೋನು.

“ಹೇಗೆ ನಡೀತಿದೆಯೋ?”

“ಕ್ಷೌರಕ್ಕೆ ಕೂತಂಗಿದೆ ಕಣಕ್ಕ,” ಅವನು ಪಿಸುಗುಟ್ಟಿದ. “ಕತ್ತಿ ಮಾತ್ರ ಅವರ ಕೈಯಲ್ಲಿದೆ.”

ಚೀಟಿಯಲ್ಲಿ ಉಳಿದದ್ದು ಒಂದೇ ಜಾಗ: ಗುಹೆ. ಎರಡು ಗಂಟೆಗೆ ಅಲ್ಲಿಗೆ ಮುಟ್ಟಿದರು. ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲು, ಕೆಳಗೆ ಒಂದು ತುಂಡು ಮರಳು, ಅದರಾಚೆ ಗುಹೆಯ ಕಪ್ಪು ಬಾಯಿ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

“ಉಬ್ಬರ ಎಷ್ಟು ಗಂಟೆಗೆ?” ಅವಳು ಕೇಳಿದಳು.

“ನಾಲ್ಕಕ್ಕೆ. ಅಲ್ಲೀವರೆಗೂ ಒಳಗೆ ಹಾಸಿಗೆ ಹಾಸ್ಕೊಂಡು ಮಲಗಬಹುದು.”

ಅವಳು ಬರೆದುಕೊಂಡು ಒಳಗೆ ನಡೆದಳು. ಗುಹೆ ಉದ್ದಕ್ಕಿತ್ತು, ಎರಡು ಕಡೆ ತಿರುವಿತ್ತು. ಕೊನೆಯ ಗೋಡೆಗೆ ಕೈ ಹಚ್ಚಿ ಬಾಮೈದ ಕಡಲ್ಗಳ್ಳರ ಕಥೆ ಎತ್ತಿಕೊಂಡ. ಕಳ್ಳರು ಏಳರಿಂದ ಹನ್ನೆರಡಾಗಿ, ಹನ್ನೆರಡರಿಂದ ನಲವತ್ತಾಗುವಷ್ಟರಲ್ಲಿ ಪಾದ ತಣ್ಣಗಾಯಿತು.

ಬಗ್ಗಿ ನೋಡಿದ. ನೀರು.

“ಮೇಡಂ, ನಡೀರಿ.”

“ಕಥೆ ಮುಗೀಲಿಲ್ಲ—”

“ನಡೀರಿ ಅಂದೆ!”

ಮೊದಲ ತಿರುವಿನಲ್ಲಿ ಮೊಣಕಾಲು ಮುಳುಗಿತು. ಎರಡನೆಯದರಲ್ಲಿ ಸೊಂಟ. ಗುಹೆಯ ಬಾಯಿಯಲ್ಲಿ ಅಲೆಯೊಂದು ಎದ್ದು ಇಬ್ಬರನ್ನೂ ಗೋಡೆಗೆ ಅಪ್ಪಳಿಸಿತು. ಭಾವನ ಟೋಪಿ ಹೋಯಿತು. ಅವನು ಅವಳ ರಟ್ಟೆ ಹಿಡಿದ. ಅವಳು ನೋಟ್‌ಬುಕ್ಕನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು; ಜೀವ ಹೋದರೂ ಅದನ್ನು ಬಿಡುವವಳಲ್ಲ. ಅಲೆ ಹಿಂದೆ ಸರಿದ ಗಳಿಗೆಯಲ್ಲಿ ಅವಳನ್ನು ಮೆಟ್ಟಿಲಿಗೆ ತಳ್ಳಿ, ತಾನೂ ಉಗುರಲ್ಲಿ ಬಂಡೆ ಕಚ್ಚಿ ಹತ್ತಿದ.

ಮೇಲೆ ಕೂತು ಇಬ್ಬರೂ ಕೆಮ್ಮಿದರು. ಕೆಳಗೆ ಮರಳಿರಲಿಲ್ಲ, ಗುಹೆಯ ಬಾಯಿಯೂ ಇರಲಿಲ್ಲ. ಬರೀ ನೊರೆ. ಗಂಟೆ ಎರಡೂವರೆ.

ಅವಳು ಕನ್ನಡಕ ಒರೆಸಿ, ಮತ್ತೆ ಪೆನ್ನು ತೆಗೆದಳು.

“ಇವತ್ತೊಂದು ದಿನ ಬೇಗ ಬಂತು ಅನ್ಸುತ್ತೆ. ಮಿಕ್ಕ ದಿನ ನಾಲ್ಕೇ ತಾನೇ?”

ಹೂಂ ಅಂದರೆ ಸಾಕಿತ್ತು. ಭಾವನ ಕೆಲಸ ಉಳಿಯುತ್ತಿತ್ತು. ಬಾಮೈದ ಬಾಯಿ ತೆರೆದ. ಹುಟ್ಟಿದ ಮೇಲೆ ಮೊದಲ ಸಲ ಆ ಬಾಯಿಂದ ಸುಳ್ಳು ಹೊರಡಲಿಲ್ಲ.

“ಹೊಡೆದುಹಾಕಿ ಮೇಡಂ. ಆ ನಾಲ್ಕು ಅನ್ನೋದನ್ನ ಮೊದಲು ಹೊಡೆದುಹಾಕಿ. ಯಾರಾದ್ರೂ ನಂಬಿದ್ರೆ ಸತ್ತೇ ಹೋಗ್ತಾರೆ. ನನಗೆ ಉಬ್ಬರಾನೂ ಗೊತ್ತಿಲ್ಲ, ಇಳಿತಾನೂ ಗೊತ್ತಿಲ್ಲ. ಮೆಟ್ಟಿಲು ಸುಳ್ಳು, ಆನೆ ಸುಳ್ಳು. ನಾನು ಗೈಡೇ ಅಲ್ಲ, ಕಟಿಂಗ್ ಮಾಡೋನು. ಭಾವನ ಕಾಲು ಮುರಿದಿದೆ. ತಪಾಸಣೆಗೆ ಬಂದೋರು ನೀವು, ನನ್ನ ಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ. ಭಾವನ ಅನ್ನ ಮಾತ್ರ ಕಿತ್ಕೋಬೇಡಿ.”

ಅವಳು ಬರೆಯಲಿಲ್ಲ. ಒದ್ದೆ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಮುಖ ಸುಣ್ಣದಂತಾಗಿತ್ತು.

“ಎಲ್ಲಾ ಸುಳ್ಳಾ?”

“ಎಲ್ಲಾ.”

“ಯಾವ ತಪಾಸಣೆ ರೀ? ನಿಮ್ಮ ಆಫೀಸಿನ ಎದುರುಗಡೆ ಇರೋ ಇನ್ನೊಂದು ಟೂರ್ ಆಫೀಸಲ್ಲಿ ನಿನ್ನೆ ತಾನೇ ಗೈಡ್ ಕೆಲಸಕ್ಕೆ ಸೇರಿದೀನಿ, ಈ ದಾರೀಲೇ ಹುಟ್ಟಿ ಬೆಳೆದೋಳು ಅಂತ ಬುರುಡೆ ಬಿಟ್ಟು. ನಿಮ್ಮನ್ನ ಕೇಳಿ ಬಾಯಿಪಾಠ ಮಾಡ್ಕೊಳ್ಳೋಣ ಅಂತ ಬಂದೆ,” ಎಂದವಳು ನೊರೆಯತ್ತ ನೋಡಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. “ನಾಳೆ ಇದೇ ಹೊತ್ತಿಗೆ ಮೂವತ್ತೆರಡು ಜನರನ್ನ ಈ ಗುಹೆಗೆ ಇಳಿಸ್ತಿದ್ದೆನಲ್ರೀ!”