ಬೇವಿನ ಮರದ ಮೂಲೆ

“ಸಮಾಧಿ ಅನ್ನದು ಇದ್ರಲ್ಲೂ ಇಲ್ಲ ಕಣಜ್ಜಿ,” ಎಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಮಹದೇವ ಹಳೇ ಪಹಣಿಯ ಪ್ರತಿಯನ್ನು ಕಿಟಕಿಯಿಂದಾಚೆ ತಳ್ಳಿದ. ಪುಟ್ಟಬಸಮ್ಮ ಅದನ್ನು ಮಡಚಿ, ಹೋದ ಸಲದ ಕಾಗದಗಳ ಜೊತೆ ಚೀಲದೊಳಗೆ ಇಟ್ಟುಕೊಂಡಳು. ಚಾಮರಾಜನಗರದ ಮಗಳ ಮನೆಯಿಂದ ಗುಂಡ್ಲುಪೇಟೆಗೆ ಬಸ್ಸು ಹತ್ತಿ ಇಳಿದು ಅವಳ ಮಂಡಿ ಸವೆದಿತ್ತು. ಬಂದಾಗಲೆಲ್ಲ ಒಂದೊಂದು ಕಾಗದ ಸಿಗುತ್ತಿತ್ತು. ಯಾವುದರಲ್ಲೂ ಅವಳ ಗಂಡ ಸಿಗುತ್ತಿರಲಿಲ್ಲ.

ಗಂಡ ಗುರುಪಾದಸ್ವಾಮಿಯನ್ನು ಮಣ್ಣು ಮಾಡಿದ್ದು ತೆರಕಣಾಂಬಿಯ ಅವರದೇ ಹೊಲದಲ್ಲಿ, ಬೇವಿನ ಮರದ ಮೂಲೆಯಲ್ಲಿ. ಆಮೇಲೆ ಹೊಲ ಮಾರುವಾಗ ಅವಳು ಕೇಳಿಕೊಂಡಿದ್ದು ಒಂದೇ ಮಾತು: ಆ ಮೂಲೆ ಮಾತ್ರ ಬಿಡಿ, ನಾಳೆ ನಾನೂ ಅಲ್ಲಿಗೇ ಬರುವವಳು. ಕೊಂಡುಕೊಂಡ ಅರಿಶಿನದ ವ್ಯಾಪಾರಿ ಬಷೀರ್ ಅಹಮದ್ ಎದೆಯ ಮೇಲೆ ಕೈಯಿಟ್ಟು “ಆಯ್ತಮ್ಮಾ” ಅಂದಿದ್ದರು. ಅಷ್ಟು ಅಂದ ಮೇಲೆ ಬರೆಸುವುದೇನಿದೆ ಎಂದು ಇಬ್ಬರೂ ಸುಮ್ಮನಾಗಿದ್ದರು. ಈಗ ಆ ಹೊಲ ಮೈಸೂರಿನವರ ಕೈಗೆ ಹೋಗುತ್ತಿತ್ತು. ಮಗ ಸೊಹೈಲ್ ಓದಿ ಹೇಳಿದ ಅಗ್ರಿಮೆಂಟಿಗೆ ರುಜು ಹಾಕಿ ಮನೆಗೆ ಬಂದ ಮೇಲೆ ಬಷೀರರಿಗೆ ಆ ಮೂಲೆ ನೆನಪಾಗಿದ್ದು. ಮೈಸೂರಿನವರು ಕೆಟ್ಟವರೇನಲ್ಲ, ಸರ್ಕಾರಿ ದಾಖಲೆಯಲ್ಲಿ ಇದ್ದರೆ ಬಿಡುತ್ತೇವೆ, ಇಲ್ಲದಿದ್ದರೆ ಜೆಸಿಬಿ ತಂದು ಸಮ ಮಾಡಿಸುತ್ತೇವೆ ಅಂದರು.

ಬಷೀರರು ಇವತ್ತೂ ಅಂಗಡಿ ಬಿಟ್ಟು ಬಂದು ಪಡಸಾಲೆಯ ಬೆಂಚಿನ ತುದಿಯಲ್ಲಿ ಅಪರಾಧಿಯ ಹಾಗೆ ಕೂತಿದ್ದರು. “ಇನ್ನೇನಾದ್ರೂ ಇದ್ರೆ ನೋಡಪ್ಪಾ,” ಎಂದರು.

“ಇನ್ನೇನಿದ್ದದು ಸಾಬ್ರೇ? ನೀವು ಅಳತೆ ಮಾಡಿಸಿದ್ರಲ್ಲ, ಆ ಸರ್ವೆ ನಕ್ಷೆ ಒಂದ್ ಉಳ್ಕಂಡದೆ. ಅದ್ರಲ್ಲೂ ಇಲ್ದಿದ್ರೆ ಬುಟ್ಬುಡಿ.” ಮಹದೇವ ಒಳಗೆ ಹೋದ. ಧೂಳಿಗೆ ಅವನು ಸೀನುವುದು, ಬೀರು ಎಳೆಯುವುದು ಕೇಳಿಸುತ್ತಿತ್ತು. ಪುಟ್ಟಬಸಮ್ಮ ಕಿಟಕಿಯ ಕಟ್ಟೆಗೆ ಹಣೆಯೊರಗಿಸಿ ನಿಂತಳು. ಕೂತರೆ ಮತ್ತೆ ಏಳುವುದು ಕಷ್ಟ.

ಮಹದೇವ ನಕ್ಷೆ ಬಿಡಿಸಿಕೊಂಡೇ ಬಂದ. “ಅಜ್ಜೀ, ಬೇವಿನ ಮರ ಅದೆ. ಮರದ ಬುಡದಲ್ಲಿ ಒಂದು ಗೋರಿ ಅದೆ. ಮುಸ್ಲಿಂ ಗೋರಿ ಅಂತ ಬರ್ದವ್ರೆ. ನಿಮ್ಮೆಜಮಾನ್ರದು ಎಲ್ಲೂ ಇಲ್ಲ.”

ಪುಟ್ಟಬಸಮ್ಮ ನಿಧಾನಕ್ಕೆ ತಿರುಗಿದಳು. ಅವಳು ಆ ಹೊಲದ ಕಡೆಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. “ಏನ್ ಸಾಬ್ರೇ ಇದು? ನನ್ ಗಂಡನ್ ಮೇಲೆ ನಿಮ್ಮೋರ್ ಯಾರ್ನ ಮಲಗ್ಸುದ್ರಿ?”

“ತೋಬಾ, ತೋಬಾ! ನಮ್ಮೋರೆಲ್ಲ ಖಬರಸ್ತಾನದಲ್ಲೇ ಇದಾರಮ್ಮಾ. ಅಲ್ಲಿ ಯಾರೂ…” ಬಷೀರರು ಬಿಳಿ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. “ಯಾ ಅಲ್ಲಾ! ಅದು ನಾನೇ ಕಟ್ಸಿದ್ದು. ಒಂದ್ ಮಳೆಗಾಲದಲ್ಲಿ ಮಣ್ಣೆಲ್ಲ ಕರಗಿ ಹೋಗಿತ್ತು, ದನ ತುಳೀತಿದ್ವು. ನಿಮ್ಗೆ ಮಾತು ಕೊಟ್ಟಿದೀನಲ್ಲ ಅಂತ ಗಾರೆಯವನ್ನ ಕರೆಸಿ ಇಟ್ಟಿಗೆ ಕಟ್ಸಿ, ಸುಣ್ಣ ಹೊಡ್ಸಿದೆ. ನಮ್ಮಪ್ಪಂಗೆ ಕಟ್ಸಿದ್ ಹಾಗೇ ಕಟ್ಟು ಅಂದೆ… ಉದ್ದಕ್ಕೆ.”

ಮಹದೇವನಿಗೆ ನಗು ತಡೆಯಲಾಗಲಿಲ್ಲ. “ಅದಾ ಇಸ್ಯ! ಸರ್ವೇಯರ್ ಬಂದವ್ನೆ, ಸಾಬ್ರ ಹೊಲ, ಉದ್ದಕ್ಕೆ ಗೋರಿ. ಇನ್ನೇನ್ ಅಂತ ಬರೆದಾನು?”

ಬಷೀರರು ನಗಲಿಲ್ಲ. ಎದ್ದು ಬಂದು ಕೈ ಜೋಡಿಸಿದರು. “ತಪ್ಪಾಯ್ತಮ್ಮಾ. ನಿಮ್ಮಲ್ಲಿ ಕೂರ್ಸಿ ಮಣ್ಣು ಮಾಡ್ತಾರೆ ಅನ್ನೋದು ನನ್ ತಲೇಗೇ ಹೋಗ್ಲಿಲ್ಲ. ತಿದ್ಸೋಣ. ಎಷ್ಟು ಓಡಾಡ್ಬೇಕೋ ನಾನೇ ಓಡಾಡ್ತೀನಿ.”

“ತಿದ್ಸದಾ?” ಮಹದೇವ ತಲೆ ಕೆರೆದುಕೊಂಡ. “ಅರ್ಜಿ ಕೊಡ್ಬೇಕು, ಸಾಕ್ಷಿ ತರ್ಬೇಕು, ಸರ್ವೇಯರ್ ತಿರ್ಗ ಬಂದು ನೋಡ್ಬೇಕು, ಸಾಹೇಬ್ರ ಮುಂದೆ ವಿಚಾರ್ಣೆ ಆಗ್ಬೇಕು. ಅಲ್ಲೀಗಂಟ ಹೊಲ ಇದ್ದಂಗೆ ಇದ್ದದಾ ಅಜ್ಜೀ?”

ಅಷ್ಟು ಹೊತ್ತೂ ನಿಂತೇ ಇದ್ದ ಪುಟ್ಟಬಸಮ್ಮ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು:

“ಮಾದೇವಾ, ಈಗ ಬರ್ದದೆಯಲ್ಲ, ಇಂಗೇ ಇದ್ರೆ ಮೈಸೂರ್ನೋರು ಅದ್ನ ಕೀಳಂಗಿಲ್ವಾ?”

“ಎಲ್ಲಾದ್ರೂ ಉಂಟಾ! ಆ ಜಾಗಾನೇ ಉಳ್ಮೆಗಿಲ್ಲ, ಖರಾಬು ಅಂತ ಬುಟ್ಬುಟ್ಟವ್ರೆ. ಗೋರಿ ಅಂತ ನಕ್ಸೇಲಿ ಕುಂತ್ಕಂಡ್ ಮೇಲೆ ಯಾವ ಜೆಸಿಬಿಯವ್ನೂ ಅದ್ರ ತಂಟೆಗೆ ಬರಲ್ಲ.”

“ಸಾಬ್ರೇ, ಎಷ್ಟುದ್ದ ಕಟ್ಸಿದೀರಿ?”

ಬಷೀರರು ತಲೆ ತಗ್ಗಿಸಿಕೊಂಡೇ ಅವಳು ಕೂತಿದ್ದ ಬೆಂಚನ್ನು ಈ ತುದಿಯಿಂದ ಆ ತುದಿಗೆ ಕೈಯಲ್ಲಿ ತೋರಿಸಿದರು. “ಒಬ್ರು ಕಾಲು ಚಾಚಿ ಮಲಗೋವಷ್ಟು.”

ಪುಟ್ಟಬಸಮ್ಮ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ತೆರವಾದ ಹಲಗೆಯನ್ನು ಅಂಗೈಯಿಂದ ಒಮ್ಮೆ ಸವರಿದಳು.

“ಅಂಗಾರೆ ತಿದ್ಸದೇನೂ ಬ್ಯಾಡ, ಬುಡಿ. ಅವ್ರು ಕುಂತವ್ರೆ. ಇನ್ನರ್ಧ ಖಾಲಿ ಅದೆ.”